ಜೊಂಡು ಬದಲಿಸುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ

"ಸಾರ್, ಯಾವ ಗಿಡ ಹಾಕಿದ್ರೆ ನೀರು ಚೆನ್ನಾಗಿ ಕ್ಲೀನ್ ಆಗುತ್ತೆ?" ಸೆಪ್ಟಿಕ್ ಟ್ಯಾಂಕಿನಿಂದ ಬರುವ ಕೊಳಚೆ ನೀರನ್ನು ಜಲ್ಲಿ ತುಂಬಿ ಜೊಂಡು ನೆಟ್ಟ ಮಡಿಯಲ್ಲಿ ಹರಿಸಿ ಶುದ್ಧ ಮಾಡುವವರ ಫೋನ್ ಎತ್ತಿದರೆ ಇದೇ ಮೊದಲ ಪ್ರಶ್ನೆ. ಸೆಪ್ಟಿಕ್ ಟ್ಯಾಂಕ್ ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದಿರಿ ಅಂತ ಕೇಳಿದರೆ ಆ ಕಡೆ ಸದ್ದೇ ಇಲ್ಲ.

ಕೊಳೆಯನ್ನೆಲ್ಲ ಜೊಂಡೇ ಹೀರಿಕೊಳ್ಳುತ್ತದೆ ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಬಹುಪಾಲು ಕೆಲಸ ಜಲ್ಲಿಗೆ ಅಂಟಿದ ತೆಳ್ಳನೆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳದ್ದು. ಬೇರು ಅವಕ್ಕೆ ಜಾಗ ಕೊಡುತ್ತದೆ, ಒಂಚೂರು ಆಮ್ಲಜನಕ ಬಿಡುತ್ತದೆ. ನೀರು ಕಲ್ಲುಗಳ ಸಂದಿಯಲ್ಲಿ ನಿಧಾನಕ್ಕೆ ಹರಿದರೆ ಮಾತ್ರ ಇದೆಲ್ಲ ನಡೆಯುತ್ತದೆ. ಟ್ಯಾಂಕಿನಿಂದ ಗಸಿ, ಜಿಡ್ಡು ಬಂದು ಆ ಸಂದಿ ಕಟ್ಟಿಕೊಂಡರೆ ನೀರು ಒಳಗೆ ಇಳಿಯುವುದೇ ಇಲ್ಲ, ಮೇಲೆ ಮೇಲೆ ಹರಿದು ಬಂದ ಹಾಗೇ ಆಚೆ ಹೋಗುತ್ತದೆ. ಆಗ ಯಾವ ಗಿಡವಿದ್ದರೇನು?

ಒಂದು ಸಣ್ಣ ವಸತಿಗೃಹದಲ್ಲಿ ಜೊಂಡು ಕಿತ್ತು ಕಾಬಾಳೆ ನೆಟ್ಟಿದ್ದರು. ನೀರು ಒಳಗೆ ಬರುವ ತುದಿಯಲ್ಲಿ ಜಲ್ಲಿ ಕೆದಕಿದರೆ ಕಪ್ಪು ರಾಡಿ, ಕೊಳೆತ ಮೊಟ್ಟೆಯ ವಾಸನೆ. ಆಚೆ ತುದಿಯ ಜಲ್ಲಿ ಹೊಸದರ ಹಾಗೇ ಇತ್ತು. ಟ್ಯಾಂಕಿನ ಮುಚ್ಚಳ ತೆಗೆದರೆ ಗಸಿ ನೀರು ಹೊರಗೆ ಹೋಗುವ ಪೈಪಿನ ಮಟ್ಟಕ್ಕೇ ಬಂದಿತ್ತು. ಮಾಲೀಕರು ಪಾಪ, ಪಕ್ಕದಲ್ಲಿ ನಿಂತು ಕಾಬಾಳೆ ಹೂ ಎಷ್ಟು ಚೆನ್ನಾಗಿ ಬಿಟ್ಟಿದೆ ಅಂತ ತೋರಿಸುತ್ತಿದ್ದರು. ಬಿಡದೆ ಇರುತ್ತಾ, ಅಷ್ಟು ಗೊಬ್ಬರ ಸಿಕ್ಕಿದ ಮೇಲೆ!

ಉದ್ದನೆ ಕೋಲಿಗೆ ಬಿಳಿ ಬಟ್ಟೆ ಸುತ್ತಿ ಟ್ಯಾಂಕಿನ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಗಸಿ ಎಲ್ಲಿವರೆಗಿದೆ ಅಂತ ಬಟ್ಟೆಯ ಮೇಲೇ ಕಾಣುತ್ತದೆ. ತಳದ ಗಸಿಯೂ ಮೇಲಿನ ಕೆನೆಯೂ ಸೇರಿ ಟ್ಯಾಂಕಿನ ನೀರಿನ ಆಳದ ಮೂರನೇ ಒಂದು ಭಾಗವಾದರೆ ತೆಗೆಸಿ. ಸಾಮಾನ್ಯವಾಗಿ 2–3 ವರ್ಷಕ್ಕೊಮ್ಮೆ ಅನ್ನುತ್ತೇವೆ, ಆದರೆ ಬಳಸುವವರು ಜಾಸ್ತಿ ಇದ್ದರೆ ಬೇಗ ತುಂಬುತ್ತದೆ. ಅಡುಗೆಮನೆ ನೀರಿಗೆ ಜಿಡ್ಡನ್ನು ತಡೆದು ನಿಲ್ಲಿಸುವ ಪ್ರತ್ಯೇಕ ಗುಂಡಿ ಇರಲೇಬೇಕು. ನೀರು ಅಡ್ಡಕ್ಕೆ ಹರಿಯುವ ಮಡಿಯಲ್ಲಿ ಜಲ್ಲಿ ಮಟ್ಟಕ್ಕಿಂತ ಒಂದು 5 ಸೆಂಟಿಮೀಟರ್ ಕೆಳಗೆ ನೀರು ನಿಲ್ಲಲಿ, ಸೊಳ್ಳೆ ಕಾಟವೂ ಇರುವುದಿಲ್ಲ.

ಆಗಲೇ ಕಟ್ಟಿಕೊಂಡಿದ್ದರೆ? ಕೆಲವು ಕಡೆ ಮಡಿಗೆ ಕೆಲವು ವಾರ ನೀರು ಬಿಡದೆ ಒಣಗಿಸಿದರೆ ಚೇತರಿಸಿಕೊಳ್ಳುತ್ತದೆ. ಗಸಿಯೇ ತುಂಬಿದ್ದರೆ ಆ ತುದಿಯ ಜಲ್ಲಿ ತೆಗೆದು ತೊಳೆಯಬೇಕು, ನೋಡದೆ ನಾನು ಏನೂ ಹೇಳುವುದಿಲ್ಲ. ಅಂದ ಹಾಗೆ, ಕೋಲು ಇಳಿಸಿ ಅಂದೆ, ನೀವು ಇಳಿಯಬೇಡಿ. ಬಗ್ಗಿ ಇಣುಕುವುದೂ ಬೇಡ, ಒಳಗಿನ ಗ್ಯಾಸ್ ನಿಮಿಷದಲ್ಲಿ ಜೀವ ತೆಗೆಯುತ್ತದೆ.