ನೆಟ್ಟೋ: ಯಾರ ನಿವ್ವಳ?

ಗ್ಲೈಡರ್‌ಗಳ ಎಲೆಕ್ಟ್ರಾನಿಕ್ ವೇರಿಯೋಗಳನ್ನು, ಅಂದರೆ ಏರುವ ಇಳಿಯುವ ವೇಗವನ್ನು ತೋರಿಸುವ ಉಪಕರಣಗಳನ್ನು, ಹೋಲಿಸುವ ಬರಹವೊಂದರಲ್ಲಿ ಅವು ತೋರಿಸುವ ‘ನೆಟ್ಟೋ’ ಎಂಬ ಅಂಕಿಗೆ ‘ಗ್ಲೈಡರ್‌ಗೆ ದಕ್ಕಿದ ನಿವ್ವಳ ಏರಿಕೆ’ ಎಂಬ ವಿವರಣೆಯನ್ನು ಈಚೆಗೆ ಮತ್ತೊಮ್ಮೆ ಓದಬೇಕಾಯಿತು. ಒಂದು ಸಲವಾದರೆ ಕಣ್ತಪ್ಪು ಎಂದು ಬಿಡಬಹುದಿತ್ತು. ಇದು ನಾನು ಕಂಡ ನಾಲ್ಕನೆಯದು. ವಿವರಣೆ ಅಲ್ಪಸ್ವಲ್ಪ ಸಡಿಲವಾಗಿದೆ ಎಂದಲ್ಲ, ಪೂರ್ತಿ ತಲೆಕೆಳಗಾಗಿದೆ. ಗ್ಲೈಡರ್‌ಗೆ ಏನು ದಕ್ಕಿತು ಎಂಬುದನ್ನು ನೆಟ್ಟೋ ಹೇಳುವುದೇ ಇಲ್ಲ. ಗ್ಲೈಡರ್‌ನ ಪಾಲನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೆ ಸುತ್ತಲಿನ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನಷ್ಟೇ ಅದು ಹೇಳುತ್ತದೆ.

ಪದ ಇಟಲಿಯ ವರ್ತಕರದು. ಹೊಳೆಯುವ, ಶುಭ್ರವಾದ ಎಂಬರ್ಥದ ಲ್ಯಾಟಿನ್ ‘ನಿತಿದುಸ್’ ಇಟಾಲಿಯನ್ನಿನಲ್ಲಿ ‘ನೆತ್ತೋ’ ಆಯಿತು. ಅದರ ಜೋಡಿಪದವಾದ ‘ಬ್ರುತ್ತೋ’, ಅಂದರೆ ಏನನ್ನೂ ಕಳೆಯದ ಒಟ್ಟು, ಭಾರವಾದ, ಜಡವಾದ ಎಂಬರ್ಥದ ‘ಬ್ರೂತುಸ್’ನಿಂದ ಬಂದದ್ದು, ಇಂದಿನ ಇಟಾಲಿಯನ್ನಿನಲ್ಲಿ ಅದಕ್ಕೆ ಕುರೂಪ ಎಂಬ ಅರ್ಥವೂ ಇದೆ. ಇವೆರಡರ ನಡುವೆ ನಿಲ್ಲುವ ‘ತಾರಾ’, ಅಂದರೆ ಚೀಲ, ಪೀಪಾಯಿಗಳ ತೂಕ, ‘ತೆಗೆದೆಸೆದದ್ದು’ ಎಂಬರ್ಥದ ಅರಬ್ಬಿ ಪದದ ಕೂಸು. ಲೆಕ್ಕದ ಪುಸ್ತಕಗಳೊಡನೆ ಈ ಮೂರೂ ಆಲ್ಪ್ಸ್ ದಾಟಿ ಜರ್ಮನ್ ಭಾಷೆಯನ್ನು ಸೇರಿದವು. ಗ್ಲೈಡಿಂಗ್ ವಿದ್ಯೆ 1920ರ ದಶಕದಲ್ಲಿ ಜರ್ಮನಿಯ ವಾಸ್ಸರ್‌ಕುಪ್ಪೆ ಬೆಟ್ಟದ ಮೇಲೆ ಬೆಳೆದುದರಿಂದ ಅದರ ಪರಿಭಾಷೆಗೆ ಜರ್ಮನ್ ವಾಸನೆ ಅಂಟಿಕೊಂಡೇ ಇದೆ. ತಮ್ಮ ಭಾಷೆಯಲ್ಲೇ ‘ನೆಟ್’ ಎಂಬ ಪದ ಬಳಕೆಯಲ್ಲಿರುವಾಗಲೂ ಇಂಗ್ಲಿಷ್ ಪೈಲಟ್‌ಗಳು ಕೊನೆಯ ಓಕಾರವನ್ನು ಬಿಟ್ಟಿಲ್ಲ.

ತೊಡಕು ಇರುವುದು ನಮ್ಮ ‘ನಿವ್ವಳ’ದಲ್ಲಿ. ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆದು ಬರೆಯುವ ಅಂಕಿಯನ್ನು ಕಂಡವರಿಗೆ ಆ ಪದ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ಅದು ಒಟ್ಟು ಮೊತ್ತಕ್ಕಿಂತ ಕಡಿಮೆ, ಮತ್ತು ಕೊನೆಗೆ ಕೈಗೆ ಬರುವುದು ಅದೇ. ಗ್ಲೈಡರ್‌ನಲ್ಲಿ ಎರಡೂ ಸುಳ್ಳು. ಇಲ್ಲಿ ಕಳೆಯುತ್ತಿರುವುದು ಗ್ಲೈಡರ್‌ನ ಸ್ವಂತ ಇಳಿತವನ್ನು, ಅಂದರೆ ಮೊದಲೇ ಋಣವಾಗಿರುವ ಒಂದು ಅಂಕಿಯನ್ನು. ಚೀಲವೇ ತಕ್ಕಡಿಯ ತಟ್ಟೆಯನ್ನು ಮೇಲಕ್ಕೆ ಎಳೆಯುವಂಥದ್ದಾಗಿದ್ದರೆ ಅದನ್ನು ಬಿಚ್ಚಿದಾಗ ಅಡಿಕೆಯ ತೂಕ ಹೆಚ್ಚಾಗಿಯೇ ಕಾಣುತ್ತಿತ್ತಲ್ಲವೇ? ಹಾಗೆ, ನೆಟ್ಟೋ ಅಂಕಿ ಸಾಮಾನ್ಯ ವೇರಿಯೋದ ಅಂಕಿಗಿಂತ ಯಾವಾಗಲೂ ಹೆಚ್ಚು. ಕೈಗೆ ದಕ್ಕುವುದು ಬ್ರುಟ್ಟೋ, ಅಂದರೆ ಸಾಮಾನ್ಯ ವೇರಿಯೋದ ಅಂಕಿ. ನೆಟ್ಟೋ ಗಾಳಿಯ ಸೊತ್ತು.

ತರಬೇತಿಗೆ ಎಲ್ಲೆಡೆ ಬಳಸುವ ಎಎಸ್‌ಕೆ 21 ಗ್ಲೈಡರ್ ಅನ್ನೇ ತೆಗೆದುಕೊಳ್ಳೋಣ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅದು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.7 ಮೀಟರ್ ಇಳಿಯುತ್ತದೆ. ಸೆಕೆಂಡಿಗೆ 0.5 ಮೀಟರ್ ಏರುತ್ತಿರುವ ಗಾಳಿಯೊಳಗೆ ಅದು ನೇರವಾಗಿ ಹಾರಿದರೆ ಸಾಮಾನ್ಯ ವೇರಿಯೋ ಶೂನ್ಯದಿಂದ 0.2 ಕೆಳಗೆ ನಿಲ್ಲುತ್ತದೆ, ನೆಟ್ಟೋ ಮಾತ್ರ 0.5 ಮೇಲೆ ತೋರಿಸುತ್ತದೆ. ಮುಳ್ಳು ಮೇಲಿದೆ, ಗ್ಲೈಡರ್ ಇಳಿಯುತ್ತಿದೆ. ಹಿಂದಿನ ಸೀಟಿನಲ್ಲಿ ಕುಳಿತು ಇದನ್ನು ನಾನೇ ನೋಡಿದ್ದೇನೆ: ‘ನಿವ್ವಳ ಏರಿಕೆ’ಯನ್ನು ನಂಬಿದ ಮುಂದಿನ ಸೀಟಿನ ಗೆಳೆಯರು ಉತ್ಸಾಹದಿಂದ ರೆಕ್ಕೆ ವಾಲಿಸಿ ಸುತ್ತಲು ತೊಡಗಿದರು, ಎರಡು ಸುತ್ತು ಮುಗಿಯುವಷ್ಟರಲ್ಲಿ ಆಲ್ಟಿಮೀಟರ್ ಇಪ್ಪತ್ತು ಮೀಟರ್ ಕೆಳಗೆ ಬಂದಿತ್ತು. 45 ಡಿಗ್ರಿ ವಾಲಿ ಸುತ್ತುವಾಗ ಅದೇ ಗ್ಲೈಡರ್‌ನ ಸ್ವಂತ ಇಳಿತ ಒಂದು ಮೀಟರನ್ನು ಮೀರುತ್ತದೆ. ಅರ್ಧ ಮೀಟರಿನ ಗಾಳಿ ಅದನ್ನು ಹೊರಲಾರದು. ಸುತ್ತತೊಡಗಿದರೆ ಎಷ್ಟು ದಕ್ಕೀತು ಎಂದು ಅಂದಾಜು ಹೇಳುವ ಅಂಕಿ ಬೇರೆಯೇ ಇದೆ. ಅದನ್ನು ಕೆಲವರು ‘ಸೂಪರ್ ನೆಟ್ಟೋ’ ಎನ್ನುತ್ತಾರೆ, ಕೆಲವರು ‘ರಿಲೇಟಿವ್’ ಎನ್ನುತ್ತಾರೆ. ನೆಟ್ಟೋದಿಂದ ಸುತ್ತುವಾಗಿನ ಇಳಿತವನ್ನು ಕಳೆದು ಪಡೆಯುವ ಈ ಅಂಕಿಗೆ ‘ಸೂಪರ್’ ಎಂಬ ಬಿರುದು ಏಕೆ ಬೇಕಿತ್ತೋ; ಅದು ನೆಟ್ಟೋಗಿಂತ ಚಿಕ್ಕದು.

ಎಲೆಕ್ಟ್ರಾನಿಕ್ಸ್ ಬರುವ ಮೊದಲೂ ನೆಟ್ಟೋ ಇತ್ತು. ವೇಗ ಹೆಚ್ಚಿದಂತೆ ಇಳಿತವೂ ಹೆಚ್ಚೂಕಡಿಮೆ ವೇಗದ ವರ್ಗದಂತೆ ಹೆಚ್ಚುತ್ತದೆ, ಎದುರಿನ ಗಾಳಿಗೆ ಬಾಯೊಡ್ಡಿ ವೇಗ ಅಳೆಯುವ ಪಿಟೋ ಕೊಳವೆಯ ಒತ್ತಡವೂ ಹಾಗೆಯೇ ಹೆಚ್ಚುತ್ತದೆ ಎಂಬ ಸಾಮ್ಯವನ್ನು ಹಿಡಿದು, ಕೂದಲೆಳೆಯಂಥ ಕೊಳವೆಯೊಂದರ ಮೂಲಕ ಪಿಟೋ ಗಾಳಿಯನ್ನು ವೇರಿಯೋ ವ್ಯವಸ್ಥೆಯೊಳಕ್ಕೆ ತುಸುವೇ ಸೋರಲು ಬಿಡುತ್ತಿದ್ದರು. ಈಗ ಆ ಸೋರಿಕೆಯ ಕೆಲಸವನ್ನು ಉಪಕರಣದಲ್ಲಿ ತುಂಬಿಟ್ಟ ಪೋಲಾರ್ ಮಾಡುತ್ತದೆ, ಅಂದರೆ ಯಾವ ವೇಗಕ್ಕೆ ಎಷ್ಟು ಇಳಿತ ಎಂಬ ವಕ್ರರೇಖೆ. ಪೋಲಾರ್ ತಪ್ಪಿದರೆ ನೆಟ್ಟೋ ತಪ್ಪಿತು. ರೆಕ್ಕೆಯ ಮುಂಚೂಣಿಗೆ ಹುಳುಗಳು ಮೆತ್ತಿಕೊಂಡಿರುವುದನ್ನೂ ಭಾರ ಹೆಚ್ಚಿಸಲು ತೊಟ್ಟಿಯಲ್ಲಿ ನೀರು ತುಂಬಿರುವುದನ್ನೂ ಉಪಕರಣಕ್ಕೆ ಹೇಳದೆ ‘ಇದರ ನೆಟ್ಟೋ ನಿಖರವಾಗಿಲ್ಲ’ ಎಂದು ದೂರುವವರು ತಕ್ಕಡಿಯ ಮೇಲೆ ಕೈಯಿಟ್ಟು ತೂಕ ಹೆಚ್ಚೆನ್ನುವವರಂತೆ.

ನೆಟ್ಟೋ ಕಟ್ಟಡದ ಬುನಾದಿ ಟೋಟಲ್ ಎನರ್ಜಿ ಎಂಬ ಸರಿಹೊಂದಿಕೆ. ಗಂಟೆಗೆ 180 ಕಿಲೋಮೀಟರ್‌ನಿಂದ 90ಕ್ಕೆ ವೇಗ ಇಳಿಸುತ್ತ ನಿಯಂತ್ರಣ ಕಡ್ಡಿಯನ್ನು ಹಿಂದಕ್ಕೆ ಎಳೆದರೆ, ಗಾಳಿಯ ನೆರವಿಲ್ಲದೆಯೇ, ನಷ್ಟಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 95 ಮೀಟರ್ ಎತ್ತರ ಸಿಗುತ್ತದೆ. ಈ ಹುಸಿ ಏರಿಕೆಯನ್ನು ಅಳಿಸುವುದೇ ಅದರ ಕೆಲಸ. ಆದರೆ ಎದುರುಗಾಳಿ ಥಟ್ಟನೆ ಬೀಸಿ ಗಾಳಿಯಲ್ಲಿನ ವೇಗ ಸೆಕೆಂಡಿಗೆ 25ರಿಂದ 27 ಮೀಟರ್‌ಗೆ ಜಿಗಿದರೆ ಅದೇ ಲೆಕ್ಕ ತಿರುಗಿ ಬೀಳುತ್ತದೆ: ಐದು ಮೀಟರಿಗೂ ಮಿಗಿಲಾದ ಎತ್ತರಕ್ಕೆ ಸಮನಾದ ಶಕ್ತಿ ಬಂದಂತೆ ಉಪಕರಣ ಭಾವಿಸುತ್ತದೆ, ಮುಳ್ಳು ಚಿಮ್ಮುತ್ತದೆ, ನೆಟ್ಟೋ ಕೂಡ ಅದರ ಜೊತೆಗೇ ಚಿಮ್ಮುತ್ತದೆ. ಜಡತ್ವ ಸಂವೇದಕಗಳಿರುವ ಹೊಸ ಉಪಕರಣಗಳು ಈ ಗಾಳಿಹೊಡೆತವನ್ನು ನಿಜವಾದ ಏರಿಕೆಯಿಂದ ಬೇರ್ಪಡಿಸಲು ಹೆಣಗುತ್ತವೆ. ಹೋಲಿಕೆ ಮಾಡಲೇಬೇಕೆಂದಿದ್ದರೆ ಮಾಡಬೇಕಾದದ್ದು ಇಲ್ಲಿ.

ಅದರ ಬದಲು ನಡೆಯುವುದೇನು? ಎಲ್‌ಎಕ್ಸ್‌ನ್ಯಾವ್ ಕಂಪನಿಯ ಎಸ್ ಸರಣಿಯ ವೇರಿಯೋಗಳಲ್ಲಿ ಮುಳ್ಳು ಏನನ್ನು ತೋರಿಸಬೇಕು ಎಂಬುದನ್ನು ಪೈಲಟ್ಟೇ ಆರಿಸಬಹುದು. ಎಕ್ಸ್‌ಸಿಸೋರ್ ತಂತ್ರಾಂಶದಲ್ಲಿ ವೇರಿಯೋಗೂ ನೆಟ್ಟೋಗೂ ಬೇರೆ ಬೇರೆ ಚೌಕಗಳಿವೆ. ನಾನು ಓದಿದ ಬರಹದ ಜೊತೆಗಿದ್ದ ಚಿತ್ರದಲ್ಲಿ ಒಂದೇ ಕಾಕ್‌ಪಿಟ್‌ನಲ್ಲಿ ಅಕ್ಕಪಕ್ಕ ಕೂತ ಎರಡು ಉಪಕರಣಗಳಲ್ಲಿ ಒಂದು 0.8 ಅನ್ನೂ ಇನ್ನೊಂದು 1.5 ಅನ್ನೂ ತೋರಿಸುತ್ತಿದ್ದವು, ಎರಡನೆಯದು ‘ಹೆಚ್ಚು ಸೂಕ್ಷ್ಮ’ ಎಂಬ ತೀರ್ಪೂ ಕೆಳಗಿತ್ತು. ವ್ಯತ್ಯಾಸ ಸರಿಯಾಗಿ 0.7. ಎರಡನೆಯ ಉಪಕರಣದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ನೆಟ್ಟೋ’ ಎಂದು ಬರೆದಿತ್ತು.