ಪದ ಪರಿಚಯ: ಹಕ್ಕಿ ದಾಖಲೆಯ ರಿವ್ಯೂ

ಒಂದು ಊರಿನಲ್ಲಿ, ಆ ಕಾಲದಲ್ಲಿ ಸಾಮಾನ್ಯವಾಗಿ ಕಾಣದ ಹಕ್ಕಿಯೊಂದನ್ನು ಯಾರೋ ನೋಡಿ ಬರೆದಿಡುತ್ತಾರೆ. ಆ ಹಕ್ಕಿಗಳ ಬಗ್ಗೆ ಚೆನ್ನಾಗಿ ತಿಳಿದ ಇನ್ನೊಬ್ಬರು ಅದರ ಸಾಕ್ಷ್ಯ ನೋಡಿ, ದಾಖಲೆಗೆ ಸೇರಿಸಬಹುದೇ ಎಂದು ತೀರ್ಮಾನಿಸುತ್ತಾರೆ. ಇದೇ ರಿವ್ಯೂ. ಬ್ರಿಟನ್ನಿನಲ್ಲಿ ಇದಕ್ಕೆಂದೇ 1959ರಿಂದ ಒಂದು ರೇರಿಟೀಸ್ ಕಮಿಟಿ, ಅಂದರೆ ಅಪರೂಪದ ಹಕ್ಕಿಗಳ ಸಮಿತಿ, ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಇದರ ಪರಿಚಯವಾಗುವುದು, ನೋಡಿದ ಹಕ್ಕಿಗಳ ಪಟ್ಟಿ ಬರೆದಿಡುವ ಇ-ಬರ್ಡ್ ಎಂಬ ಆ್ಯಪ್ ಮೂಲಕ.

ಇ-ಬರ್ಡ್‌ನಲ್ಲಿ ಮೊದಲ ಕೆಲಸ ಫಿಲ್ಟರ್‌ನದು. ಯಾವ ಪ್ರದೇಶದಲ್ಲಿ, ಯಾವ ತಿಂಗಳು, ಯಾವ ಹಕ್ಕಿ ಹೆಚ್ಚೆಂದರೆ ಎಷ್ಟು ಕಾಣಬಹುದು ಎಂಬ ಮಿತಿ ಅದರಲ್ಲಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಡಿಸೆಂಬರಿನಲ್ಲಿ ಅದು ಸಹಜ. ಜೂನಿನಲ್ಲಿ ಒಂದೇ ಒಂದು ಕಂಡರೂ ಕೇಳಲೇಬೇಕು, ಏಕೆಂದರೆ ಆಗ ಅವು ಲಡಾಖ್, ಟಿಬೆಟ್ ಕಡೆ ಮರಿ ಮಾಡುತ್ತಿರುತ್ತವೆ. ಮಿತಿ ಮೀರಿದರೆ ಆ್ಯಪ್ ವಿವರ ಬರೆಯಿರಿ ಎನ್ನುತ್ತದೆ. ಆ ವಿವರವನ್ನು ಆ ಭಾಗದ ರಿವ್ಯೂವರ್ ಓದುತ್ತಾರೆ. ಇವರು ಸಂಬಳವಿಲ್ಲದೆ, ಪ್ರೀತಿಯಿಂದ ಈ ಕೆಲಸ ಮಾಡುವವರು.

ವಿವರ ಎಂದರೆ ಏನು? ‘ಪಕ್ಕಾ ಅದೇ ಹಕ್ಕಿ’ ಅನ್ನೋದು ವಿವರವಲ್ಲ. ಬೆಸ್ರಾ ಎಂಬ ಬೇಟೆ ಹಕ್ಕಿಯನ್ನು ನೋಡಿ. ಅದು ದಟ್ಟ ಕಾಡಿನದು. ಅದನ್ನೇ ಹೋಲುವ ಶಿಕ್ರಾ ಬೆಂಗಳೂರಿನ ಪಾರ್ಕುಗಳಲ್ಲೂ ಇದೆ. ಬೆಸ್ರಾದ ಗಂಟಲ ನಡುವೆ ದಪ್ಪ ಕಪ್ಪು ಗೆರೆ ಎದ್ದು ಕಾಣುತ್ತದೆ. ಆದರೆ ಶಿಕ್ರಾಕ್ಕೂ ತೆಳುವಾದ ಗೆರೆ ಇರುತ್ತದೆ, ಹಾಗಾಗಿ ‘ಗಂಟಲಲ್ಲಿ ಗೆರೆ ಇತ್ತು’ ಎಂದರೆ ಸಾಲದು. ಗೆರೆ ಎಷ್ಟು ದಪ್ಪ, ಎದೆಯ ಮೇಲೆ ಪಟ್ಟೆ ಹೇಗಿತ್ತು, ಬೆಳಕು ಹೇಗಿತ್ತು, ಎಷ್ಟು ದೂರದಿಂದ ನೋಡಿದಿರಿ, ಶಿಕ್ರಾ ಯಾಕಲ್ಲ ಎಂಬುದೆಲ್ಲ ಬೇಕು. ಮಸುಕಾದ ಫೋಟೊ, ಫೋನಿನಲ್ಲಿ ಹಿಡಿದ ಕೂಗು ಕೂಡ ತುಂಬ ಸಹಾಯ ಮಾಡುತ್ತವೆ.

ಕೆಲವೊಮ್ಮೆ ಗುರುತು ಸರಿಯಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಊರಲ್ಲಿ ಬಜರಿಗಾರ್ ಎಂಬ ಸಾಕುಗಿಳಿ ಹಾರಿದರೆ ಅದು ಯಾರದೋ ಪಂಜರದಿಂದ ತಪ್ಪಿಸಿಕೊಂಡದ್ದು, ಅಲ್ವಾ?

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ ನಾನು ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯ ಕಥೆ ಹೇಳುತ್ತೇನೆ. 1884ರ ನಂತರ ಅದು ಯಾರಿಗೂ ಸಿಕ್ಕಿರಲಿಲ್ಲ. ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗೆನ್ ಮಾತ್ರ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಒಂದನ್ನು ಹಿಡಿದೆ ಎಂದಿದ್ದ. ಹಕ್ಕಿತಜ್ಞೆ ಪಮೇಲಾ ರಾಸ್ಮುಸೆನ್ ಅವನು ಒಣಗಿಸಿ ಇಟ್ಟಿದ್ದ ಆ ಗೂಬೆಯ ಚರ್ಮವನ್ನು ಪರೀಕ್ಷಿಸಿದಾಗ ಅದು ಮ್ಯೂಸಿಯಂನಿಂದ ಕದ್ದ ಹಳೆಯ ಮಾದರಿ ಎಂದು ಗೊತ್ತಾಯಿತು. ಮೈನರ್ಟ್ಸ್‌ಹಾಗೆನ್ ಅದಕ್ಕೆ ಹೊಸ ಚೀಟಿ ಅಂಟಿಸಿ ತನ್ನದೆಂದು ತೋರಿಸಿದ್ದ. ರಾಸ್ಮುಸೆನ್ ಮತ್ತು ಜೊತೆಗಾರರು ಆ ದಾಖಲೆ ಬದಿಗಿಟ್ಟು, ನಿಜವಾದ ಹಳೆಯ ಮಾದರಿಗಳು ಸಿಕ್ಕಿದ್ದ ಕಡೆ ಹುಡುಕಿದರು. 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಸಿಕ್ಕಿತು! ಮುಂದೆ ಗುಜರಾತಿನ ಪೂರ್ಣಾ ಅಭಯಾರಣ್ಯದಲ್ಲೂ ಕಂಡಿತು. ಹಾಗಂತ 1914ರ ದಾಖಲೆ ನಿಜವಾಗಲಿಲ್ಲ. ಹಕ್ಕಿ ಅಲ್ಲಿ ಇರಬಹುದೇ ಎಂಬುದು ಒಂದು ಪ್ರಶ್ನೆ, ಈ ದಾಖಲೆಗೆ ಸಾಕ್ಷ್ಯ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ರಿವ್ಯೂ ನೋಡುವುದು ಎರಡನೆಯದನ್ನು.

ಹೊಸಬರು ನೊಂದುಕೊಳ್ಳುವುದು ಇಲ್ಲೇ. ದಾಖಲೆ ಒಪ್ಪಿಗೆಯಾಗದಿದ್ದರೆ ‘ನೀವು ಸುಳ್ಳು ಹೇಳಿದಿರಿ’ ಎಂದು ಅರ್ಥವಲ್ಲ. ಬರೆದಿಟ್ಟಷ್ಟು ವಿವರ ಸಾಲದು ಎಂದಷ್ಟೇ. ಹತ್ತಾರು ವರ್ಷ ಕಾಡು ಸುತ್ತಿದವರಿಗೂ ಹೀಗಾಗುತ್ತದೆ. ನಿಮ್ಮ ಸ್ವಂತ ಪಟ್ಟಿಯಿಂದ ಆ ಹಕ್ಕಿಯನ್ನು ಯಾರೂ ತೆಗೆಯುವುದಿಲ್ಲ. ಸಾರ್ವಜನಿಕ ನಕ್ಷೆಯಲ್ಲಿ ಮಾತ್ರ ಅದು ಕಾಣುವುದಿಲ್ಲ. ಜೊತೆಗಿದ್ದ ಗೆಳೆಯರ ಕ್ಯಾಮೆರಾದಲ್ಲಿ ಆಮೇಲೆ ಒಂದು ಫೋಟೊ ಸಿಕ್ಕರೆ ಆ ದಿನ ಇ-ಬರ್ಡ್‌ನಲ್ಲಿ ಬರೆದ ಪಟ್ಟಿಗೆ ಸೇರಿಸಿ, ರಿವ್ಯೂವರ್‌ಗೆ ಒಂದು ಸಾಲು ಬರೆಯಿರಿ. ದಾಖಲೆಯನ್ನು ಮತ್ತೆ ನೋಡಲು ಅವಕಾಶವಿದೆ.