ಮೂಕಿ ಮೇಲಿನ ಪೆಟ್ಟಿಗೆ

ಡೆನ್ವರ್‌ನಲ್ಲಿರುವ ನನ್ನ ಗೆಳೆಯ ಒಂದು ಹಳೆಯ ಟ್ರಾವೆಲ್ ಟ್ರೈಲರ್ ಕೊಂಡ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಹಾಸಿಗೆ, ಒಲೆ, ಸಿಂಕು, ಕಕ್ಕಸು ಎಲ್ಲಾ ಒಳಗೇ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಬಯಲು ಬೇಕಾದಷ್ಟಿದೆ. ಬಹಳಷ್ಟು ಕಡೆ 14 ದಿನದವರೆಗೆ ಬಿಟ್ಟಿಯಾಗಿ ಬೀಡು ಬಿಡಬಹುದು. ಕರೆಂಟು ಮಾತ್ರ ಇರುವುದಿಲ್ಲ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲಕ್ಕೂ ಒಂದೇ ಬ್ಯಾಟರಿ.

ಒಂದು ಚಳಿ ರಾತ್ರಿ, ಬೆಳಗಿನ ಜಾವ ಮೂರಕ್ಕೆ ಹೀಟರ್ ನಿಂತುಹೋಯಿತು. ಸಿಲಿಂಡರ್ ತುಂಬಾ ಗ್ಯಾಸ್ ಇತ್ತು. ಆದರೆ ಫ್ಯಾನು ಊದದಿದ್ದರೆ ಉರಿ ಹತ್ತುವುದಿಲ್ಲ. ಬ್ಯಾಟರಿ ಖಾಲಿ. ಹೆಂಡತಿ, ಮಗ, ನಾಯಿ ಎಲ್ಲರೂ ಒಂದೇ ರಜಾಯಿಯೊಳಗೆ ಬೆಳಗು ಮಾಡಿದರಂತೆ.

ಮನೆಗೆ ಬಂದವನೇ ನನಗೆ ಫೋನ್ ಮಾಡಿದ. ಇನ್ನೊಂದು ಬ್ಯಾಟರಿ ಬೇಕಂತೆ, ಅದರ ಜೊತೆ ಪೈಪು ಪರಿಕರ ತುಂಬಲು ಒಂದು ಪೆಟ್ಟಿಗೆ. "ಹಿಂದಿನ ಬಂಪರ್ ಮೇಲೆ ಜಾಗ ಸುಮ್ನೆ ಬಿದ್ದಿದೆ, ಅಲ್ಲೇ ಕೂರಿಸಿಬಿಡ್ತೀನಿ" ಎಂದ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಎತ್ತಿನ ಗಾಡಿ ಹೂಡಿದ್ದು ನೆನಪಿದೆಯಾ?"

ಗಾಡಿಗೆ ಹುಲ್ಲು ಹೇರುವವರಿಗೆ ಇದು ಗೊತ್ತು. ಹಿಂಭಾರವಾದರೆ ಮೂಕಿ, ಅಂದರೆ ನೊಗಕ್ಕೆ ಕಟ್ಟುವ ಗಾಡಿಯ ಮುಂದಿನ ಉದ್ದ ಮರ, ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರಿಗೂ ಒಂದು ಮೂಕಿ ಇದೆ. ಅಲ್ಲಿ ಅದಕ್ಕೆ ಟಂಗ್ ಎನ್ನುತ್ತಾರೆ. ಟ್ರಕ್ಕಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಅದು ಹೇರುವ ಭಾರವೇ ಟಂಗ್ ವೇಟ್. ಟ್ರೈಲರಿನ ಒಟ್ಟು ತೂಕದಲ್ಲಿ ಅದು ನೂರಕ್ಕೆ 10ರಿಂದ 15 ಭಾಗ ಇರಬೇಕು ಎನ್ನುವುದು ಅಲ್ಲಿನ ರೂಢಿ.

ಗೆಳೆಯನ ಟ್ರೈಲರ್ ತುಂಬಿದಾಗ 2000 ಕಿಲೋ. ಮೂಕಿ ಭಾರ 240 ಕಿಲೋ, ಅಂದರೆ ನೂರಕ್ಕೆ 12. ಗುಂಡಿನಿಂದ ಚಕ್ರದ ಅಚ್ಚಿಗೆ 4 ಮೀಟರ್. ಅಚ್ಚಿನಿಂದ ಬಂಪರಿಗೆ 3 ಮೀಟರ್. ಅಚ್ಚು ನಡುವೆ ಇರುವ ಏತದ ಆಟ ಇದು. ಬಂಪರ್ ಮೇಲೆ ಬ್ಯಾಟರಿ, ಪೆಟ್ಟಿಗೆ ಸೇರಿ 50 ಕಿಲೋ ಕೂರಿಸಿದರೆ ಮೂಕಿಯಿಂದ 50ನ್ನು 3ರಿಂದ ಗುಣಿಸಿ 4ರಿಂದ ಭಾಗಿಸಿದಷ್ಟು ಭಾರ ಏಳುತ್ತದೆ. ಹತ್ತಿರ ಹತ್ತಿರ 38 ಕಿಲೋ. ಉಳಿದದ್ದು 202. ಒಟ್ಟು ತೂಕ 2050ಕ್ಕೆ ಏರಿದೆ. ನೂರಕ್ಕೆ 10ಕ್ಕಿಂತ ಕೆಳಗೆ ಬಂದಾಯಿತು. ಒಂದೇ ಒಂದು ಪೆಟ್ಟಿಗೆಯಿಂದ!

ಇಳಿದರೆ ಏನಾಗುತ್ತದೆ? ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಹೋಗುತ್ತದೆ. ಗಾಳಿ ಟ್ರೈಲರನ್ನು ಸ್ವಲ್ಪ ಪಕ್ಕಕ್ಕೆ ತಳ್ಳುತ್ತದೆ. ಮುಂದೆ ಸಾಕಷ್ಟು ಭಾರ ಇದ್ದರೆ ಆ ಓಲಾಟ ಎರಡು ಸಲ ಆಡಿ ಸತ್ತುಹೋಗುತ್ತದೆ. ಹಿಂದೆ ಭಾರ ಜಾಸ್ತಿಯಾದರೆ, ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಬಾಲ ನಾಯಿಯನ್ನೇ ಆಡಿಸಿದಂತೆ. ದೂರದ ಲೆಕ್ಕವೂ ಸೇರುತ್ತದೆ. ತಿರುಗುವುದನ್ನು ತಡೆಯುವ ಜಡತ್ವ ದೂರದ ವರ್ಗದಂತೆ ಬೆಳೆಯುತ್ತದೆ. ಅಚ್ಚಿನಿಂದ ಅರ್ಧ ಮೀಟರಿನಲ್ಲಿರುವ ಒಂದು ಕಿಲೋಗಿಂತ 3 ಮೀಟರಿನಲ್ಲಿರುವ ಒಂದು ಕಿಲೋದ ಜಡತ್ವ 36 ಪಟ್ಟು. ಒಮ್ಮೆ ಓಲಾಡಲು ಶುರುವಾದರೆ ನಿಲ್ಲಿಸುವುದು ಅಷ್ಟೇ ಕಷ್ಟ.

"ಸರಿ, ಹಾಗಾದರೆ ಮುಂದೆ, ಮೂಕಿ ಮೇಲೇ ಇಡ್ತೀನಿ" ಎಂದ. ಲೆಕ್ಕ ಹಾಕಿದೆವು. ಗುಂಡಿನಿಂದ ಅರ್ಧ ಮೀಟರ್ ಹಿಂದೆ 50 ಕಿಲೋ ಇಟ್ಟರೆ ಮೂಕಿ ಭಾರ 284 ಆಗುತ್ತದೆ. ನೂರಕ್ಕೆ 14ರ ಹತ್ತಿರ, ಓಲಾಟದ ಭಯವಿಲ್ಲ. ಆದರೆ ಅವನ ಟ್ರಕ್ಕಿನ ಕೊಂಡಿಯ ಮೇಲೆ 600 ಪೌಂಡ್ ಎಂದು ಬರೆದಿತ್ತು. 272 ಕಿಲೋ. ಈಗ ಎತ್ತಿನ ಹೆಗಲು ಕುಸಿಯುವ ಸರದಿ.

ಇಲ್ಲಿಂದ ಮಾತು ಬ್ಯಾಟರಿಯ ಕಡೆಗೆ ತಿರುಗಿತು.

ಅವನದ್ದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದ ಅದೇ ಹಳೆಯ ಜಾತಿ. ತೂಕ 25 ಕಿಲೋ, ಹೆಸರಿಗೆ 80 ಆಂಪಿಯರ್-ಅವರ್. ಆದರೆ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಯಸ್ಸು ಮುಗಿಯುತ್ತದೆ. ಹಾಗಾಗಿ ಬಳಸಬಹುದಾದದ್ದು 40. ಫ್ಯಾನು 5 ಆಂಪಿಯರ್ ಎಳೆದರೆ 8 ಗಂಟೆ. ದೀಪ, ಪಂಪು ಬೇರೆ. ಬೆಳಗಿನ ಜಾವ ಮೂರಕ್ಕೆ ಚಳಿ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಜಾತಿಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅದು ಹೆಚ್ಚಾಗಿ ಹೊರಗೆ, ಮೂಕಿ ಮೇಲೆ ಕೂತಿರುತ್ತದೆ. ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಅದರ ಜಾಗಕ್ಕೆ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದರು. ಗುಡ್‌ಎನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ನಡುವಿನ ಹೆಸರು ಓದಿ ಗೆಳೆಯನಿಗೆ ನನಗಿಂತ ಜಾಸ್ತಿ ಖುಷಿ. ಇದರಲ್ಲಿ ರಂಜಕ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಕಾದರೂ ಸುಲಭಕ್ಕೆ ಬಿಡುವುದಿಲ್ಲ. ಬೆಂಕಿಗೆ ಆಮ್ಲಜನಕ ಒದಗದಿದ್ದರೆ ಅಪಾಯವೂ ಕಡಿಮೆ. 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಸುಮಾರು 12 ಕಿಲೋ, ಅದನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು.

ಒಂದು ಹಟ ಮಾತ್ರ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯೊಳಗಿನ ಗ್ರಾಫೈಟ್ ಪದರಗಳ ಒಳಗೆ ಹೋಗದೆ ಹೊರಗೇ ಲೋಹವಾಗಿ ಅಂಟಿಕೊಳ್ಳುತ್ತದೆ. ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. ಡೆನ್ವರ್ ಸುತ್ತಲಿನ ಕೊಲರಾಡೊ ಬೆಟ್ಟಗಳ ಚಳಿಯಲ್ಲಿ ಮೂಕಿ ಮೇಲೆ ಅದನ್ನಿಡುವುದು ದಡ್ಡತನ. ಆದರೆ ಇದು ಚಾರ್ಜ್ ಆಗುವಾಗ ಗ್ಯಾಸ್ ಬಿಡುವುದಿಲ್ಲವಲ್ಲ! ಮನೆಯೊಳಗೇ, ಅಚ್ಚಿನ ಹತ್ತಿರ, ಹಾಸಿಗೆಯ ಕೆಳಗೆ ಬೆಚ್ಚಗೆ ಇಡಬಹುದು.

ಹಾಗೇ ಆಯಿತು. ಎರಡು ಲಿಥಿಯಂ, ಒಟ್ಟು 24 ಕಿಲೋ, ಹಾಸಿಗೆಯಡಿ. ಹಳೆಯ ಚಾರ್ಜರ್ ಸೀಸಕ್ಕೆ ಮಾಡಿದ್ದು, ಅದನ್ನೂ ಬದಲಿಸಿದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ದಪ್ಪನೆಯ ಗಿಡ್ಡ ತಂತಿ. 12 ವೋಲ್ಟಿನಲ್ಲಿ 1000 ವಾಟ್ ಬೇಕೆಂದರೆ 80 ಆಂಪಿಯರಿಗೂ ಜಾಸ್ತಿ ಹರಿಯಬೇಕು, ತೆಳು ತಂತಿ ಒಲೆಯಾಗುತ್ತದೆ. ಒಂದು ತಂತಿಯನ್ನು ಅವನು ಮರೆತೇಬಿಡುತ್ತಿದ್ದ. ಕೊಂಡಿ ಕಳಚಿದರೆ ಟ್ರೈಲರಿನ ಬ್ರೇಕ್ ತಾನಾಗಿ ಹಿಡಿಯಲು ಮೂಕಿ ಮೇಲೊಂದು ಸ್ವಿಚ್ ಇರುತ್ತದೆ. ಅದಕ್ಕೂ ಈ ಬ್ಯಾಟರಿಯಿಂದಲೇ ಕರೆಂಟು ಹೋಗಬೇಕು.

ಪೆಟ್ಟಿಗೆ ಮೂಕಿ ಮೇಲೆ ಬಂತು, ಹಗುರಾಗಿ. ನೀರಿನ ಪೈಪು, ಚಕ್ರಕ್ಕೆ ಕೊಡುವ ಮರದ ಅಡೆ, ಒಂದು ಹಗ್ಗ, ಪೆಟ್ಟಿಗೆಯೂ ಸೇರಿ 25 ಕಿಲೋ. ಅದನ್ನು ಕೂರಿಸಲು ಮೂಕಿಯ ಉಕ್ಕಿನ ತೊಲೆಯ ಮೇಲ್ಗಡೆ ತೂತು ಕೊರೆಯಲು ಹೋದವನನ್ನು ತಡೆದೆ. ತೊಲೆ ಬಾಗುವಾಗ ಎಳೆತ ಒತ್ತಡ ಎಲ್ಲಾ ಮೇಲಂಚು ಕೆಳಂಚಿನಲ್ಲೇ ಜಾಸ್ತಿ. ಯು ಆಕಾರದ ಬೋಲ್ಟಿನಲ್ಲಿ ಸುತ್ತಿ ಬಿಗಿದ.

ಆಮೇಲೆ ತೂಕ. ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ. ಇಟ್ಟಿಗೆಯಿಂದ ಮೂರನೇ ಒಂದು ಭಾಗ ದೂರದಲ್ಲಿ ಮೂಕಿಯನ್ನು ಇಳಿಸಿದ. ಯಂತ್ರ ತೋರಿಸಿದ್ದರ ಮೂರು ಪಟ್ಟೇ ಮೂಕಿ ಭಾರ. ವಿಡಿಯೋ ಕಾಲ್‌ನಲ್ಲಿ ಅವನ ಮಗ ಬಗ್ಗಿ ಓದಿ ಕೂಗಿದ: "ಎಂಬತ್ತೊಂದು!"